ಇದ್ದ ಕಡೆಯೇ ಉಳಿಯಲು

ಹೈಸ್ಕೂಲಿನ ನಾಲ್ಕನೇ ವರ್ಷದ ಮಕ್ಕಳು ಸೆಪ್ಟೆಂಬರಿನಲ್ಲಿ ತಲೆಯೆತ್ತಿಕೊಂಡು ಬರುತ್ತಾರೆ, ನವೆಂಬರಿನ ಹೊತ್ತಿಗೆ ಕುಗ್ಗಿಹೋಗಿರುತ್ತಾರೆ. ನೆದರ್‌ಲ್ಯಾಂಡ್ಸಿನ ಹೈಸ್ಕೂಲಿನಲ್ಲಿ ಆ ವರ್ಷದಿಂದ ಮೇಲಿನ ವಿಭಾಗ ಶುರು. ಹೆಚ್ಚುಕಡಿಮೆ ನಮ್ಮ ಪಿಯುಸಿ ಇದ್ದ ಹಾಗೆ. ವಿಷಯಗಳನ್ನು ತಾವೇ ಆರಿಸಿಕೊಂಡಿರುತ್ತಾರೆ, ಪುಸ್ತಕಗಳು ಒಮ್ಮೆಲೇ ದಪ್ಪಗಾಗುತ್ತವೆ, ವೇಳಾಪಟ್ಟಿಯಲ್ಲಿ ಖಾಲಿ ಪೀರಿಯಡ್ಡುಗಳು ಬಂದು ಕೂರುತ್ತವೆ. ಆ ಖಾಲಿ ಹೊತ್ತಿನಲ್ಲಿ ಏನು ಮಾಡಬೇಕೆಂದು ಹೇಳಿಕೊಡಬೇಕಾದವರು ಮೆಂಟರ್. ಆಲ್ಮೆರೆಯ ಒಂದು ಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ಈಗ ಹೇಳುತ್ತಿರುವ ವರ್ಷ ಅಂಥ ಒಂದು ತರಗತಿಗೆ ಮೆಂಟರ್ ಕೂಡ ಆಗಿದ್ದೆ.

ಮೆಂಟರ್ ಕೆಲಸದಲ್ಲಿ ದೊಡ್ಡ ಮಾತುಗಳೇನೂ ಇರುವುದಿಲ್ಲ. ವಾರಕ್ಕೊಮ್ಮೆ ಇಡೀ ತರಗತಿಯ ಜೊತೆ ಒಂದು ಪೀರಿಯಡ್, ಉಳಿದಂತೆ ಒಬ್ಬೊಬ್ಬರನ್ನೇ ಕರೆದು ಕೂರಿಸಿಕೊಂಡು ಮಾತು. ಪರೀಕ್ಷಾ ವಾರದಿಂದ ಹಿಂದಕ್ಕೆ ಲೆಕ್ಕ ಹಾಕಿ ಯಾವ ದಿನ ಯಾವ ಅಧ್ಯಾಯ ಎಂದು ಬರೆಸುತ್ತೇನೆ. ಪುಸ್ತಕವನ್ನು ಮತ್ತೆ ಮತ್ತೆ ಓದುವುದು ಓದಿದಂತಲ್ಲ, ಮುಚ್ಚಿಟ್ಟು ಬರೆದು ನೋಡಬೇಕು ಎಂದು ಹೇಳುತ್ತೇನೆ. ಹದಿನೈದರ ಮಕ್ಕಳು ಇದನ್ನೆಲ್ಲ ಕೇಳಿ ತಲೆಯಾಡಿಸುತ್ತಾರೆ, ಮಾಡುವುದಿಲ್ಲ. ಮೊದಲ ಪರೀಕ್ಷೆಯಲ್ಲಿ ಪೆಟ್ಟು ತಿಂದ ಮೇಲೆ ಅರ್ಧದಷ್ಟು ಮಕ್ಕಳು ಮಾಡತೊಡಗುತ್ತಾರೆ. ಅದು ಪ್ರತಿ ವರ್ಷದ ಕಥೆ, ಅದಕ್ಕೆ ನನಗೆ ಸಿಟ್ಟಿಲ್ಲ.

ಸಿಟ್ಟು ಬಂದದ್ದು ಡಿಸೆಂಬರಿನಲ್ಲಿ, ಶಿಕ್ಷಕರೆಲ್ಲ ಸೇರಿ ಮಕ್ಕಳ ಅಂಕ ನೋಡುವ ವರದಿ ಸಭೆಯಲ್ಲಿ.

ತರಗತಿಯಲ್ಲಿ ಉಡುಪಿ ಕಡೆಯ ಒಬ್ಬ ಹುಡುಗಿ ಇದ್ದಳು. ಹನ್ನೊಂದನೇ ವಯಸ್ಸಿಗೆ ತಂದೆತಾಯಿಯ ಜೊತೆ ಇಲ್ಲಿಗೆ ಬಂದವಳು. ತಂದೆ ಸಾಫ್ಟ್‌ವೇರಿನಲ್ಲಿ, ದಿನಾ ರೈಲು ಹಿಡಿದು ಆಮ್ಸ್ಟರ್‌ಡ್ಯಾಮಿಗೆ ಹೋಗುತ್ತಿದ್ದರು. ತಾಯಿ ನ್ಯೂವೆಗೈನ್‌ನ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದರು. ಮನೆಯಲ್ಲಿ ತುಳು, ನನ್ನ ಜೊತೆ ಕನ್ನಡ. ಹುಡುಗಿ ಮಾತ್ರ ನನ್ನ ಕನ್ನಡಕ್ಕೆ ಡಚ್ಚಿನಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುತ್ತಿದ್ದಳು. ಅವಳ ಡಚ್ ಉಚ್ಚಾರಣೆ ಕಣ್ಣು ಮುಚ್ಚಿ ಕೇಳಿದರೆ ಇಲ್ಲೇ ಹುಟ್ಟಿದವರದ್ದು. ಗಣಿತದಲ್ಲಿ ಹತ್ತಕ್ಕೆ ಎಂಟು ದಾಟಿದ್ದಳು. ಡಚ್, ರಸಾಯನಶಾಸ್ತ್ರ, ಜೀವಶಾಸ್ತ್ರ ಈ ಮೂರರಲ್ಲಿ ಅಂಕ ಐದೂವರೆಗಿಂತ ಕೆಳಗಿತ್ತು, ಅಂದರೆ ಪಾಸಿಗಿಂತ ಕಡಿಮೆ, ಸಭೆಯ ಪರದೆಯ ಮೇಲೆ ಕೆಂಪು.

ಸಭೆಯಲ್ಲಿ ಅವಳ ಹೆಸರು ಬಂದಾಗ ವಿಭಾಗದ ಮುಖ್ಯಸ್ಥ ಆ ಮೂರು ಕೆಂಪನ್ನು ನೋಡಿ, "ಜನವರಿಯಲ್ಲಿ ಹಾವೊಗೆ ಕಳಿಸೋಣ. ಅಲ್ಲಿ ಅವಳು ಹೆಚ್ಚು ಆರಾಮಾಗಿರ್ತಾಳೆ" ಎಂದ. ನಾಲ್ಕು ತಲೆ ಆಡಿದವು. ಒಬ್ಬಾಕೆ, "ಹುಡುಗಿ ತನ್ನ ಚರ್ಮದೊಳಗೆ ಹಿತವಾಗಿಲ್ಲ ಅನಿಸುತ್ತೆ" ಎಂದರು. ಯಾರಾದರೂ ಸುಖವಾಗಿಲ್ಲ ಎನ್ನಲು ಡಚ್ಚಿನಲ್ಲಿ ಹೀಗೆ ಹೇಳುತ್ತಾರೆ. ಮುಂದಿನ ಹೆಸರು ಬಂತು. ಅಷ್ಟು ಹೊತ್ತಿಗೆ ನನ್ನ ಕಾಫಿ ಇನ್ನೂ ಆರಿರಲಿಲ್ಲ.

ಹಾವೊ ಎಂದರೇನೆಂದು ಹೇಳಬೇಕು. ಇಲ್ಲಿ ಹೈಸ್ಕೂಲಿಗೆ ಬೇರೆ ಬೇರೆ ಮಟ್ಟಗಳಿವೆ. ಈ ಹುಡುಗಿ ಓದುತ್ತಿದ್ದ ಆರು ವರ್ಷದ ವೇವೇಓ ಮುಗಿಸಿದವರು ನೇರವಾಗಿ ಯೂನಿವರ್ಸಿಟಿಗೆ ಹೋಗಬಹುದು. ಐದು ವರ್ಷದ ಹಾವೊ ಮುಗಿಸಿದವರು ಬೇರೆ ಥರದ ಕಾಲೇಜಿಗೆ ಹೋಗುತ್ತಾರೆ, ಅಲ್ಲಿಂದ ಯೂನಿವರ್ಸಿಟಿ ಮುಟ್ಟಲು ಸುತ್ತುದಾರಿ. ಹಾವೊ ಕೆಟ್ಟದ್ದೇನಲ್ಲ. ಅದಕ್ಕೇ ಸರಿಯಾದ ಎಷ್ಟೋ ಮಕ್ಕಳನ್ನು ನಾನೇ ಅಲ್ಲಿಗೆ ಕಳಿಸಿ ಅವರು ಅರಳಿದ್ದನ್ನು ನೋಡಿದ್ದೇನೆ. ಆದರೆ ಗಣಿತದಲ್ಲಿ ಎಂಟು ತೆಗೆಯುವ ಹುಡುಗಿಯನ್ನು, ಯಾಕೆ ಬಿದ್ದಳೆಂದು ಯಾರೂ ನೋಡದೆ, ವರ್ಷದ ನಡುವೆ ಕೆಳಗಿನ ಮಟ್ಟಕ್ಕೆ ತಳ್ಳುವುದು ಆರಾಮದ ಮಾತಲ್ಲ.

ಸಭೆ ಮುಗಿದ ಮೇಲೆ ಮುಖ್ಯಸ್ಥ ನನ್ನನ್ನು ತಡೆದು ನಿಲ್ಲಿಸಿದ. ಇಲ್ಲಿ ಸಹೋದ್ಯೋಗಿಗಳೆಲ್ಲ ಒಬ್ಬರನ್ನೊಬ್ಬರು 'ನೀನು' ಎಂದೇ ಮಾತಾಡಿಸುತ್ತಾರೆ.

"ಜನವರಿಯಲ್ಲಿ ತಂದೆತಾಯಿಯನ್ನ ಕರೀತೀನಿ. ಅದಕ್ಕೆ ಮುಂಚೆ ನೀನು ಒಂದ್ಸಲ ಫೋನ್ ಮಾಡಿಬಿಡು. ಅವರ ಭಾಷೇಲಿ ಹೇಳಿದ್ರೆ ಸುಲಭವಾಗಿ ಒಪ್ಕೋತಾರೆ."

"ಅವರಿಬ್ಬರಿಗೂ ಇಂಗ್ಲಿಷ್ ಬರುತ್ತೆ. ನಿನಗಿಂತ ಚೆನ್ನಾಗಿ ಬರುತ್ತೆ."

"ಭಾಷೆ ಮಾತ್ರ ಅಲ್ಲ. ನಿಮ್ಮವರಿಗೆ ಓದಿನ ವಿಷಯದಲ್ಲಿ ಆಸೆ ಜಾಸ್ತಿ ಅಲ್ವಾ. ನೀನು ಹೇಳಿದ್ರೆ ಮನಸ್ಸಿಗೆ ತಗೋತಾರೆ."

ನನ್ನನ್ನು ಗಣಿತಕ್ಕೆ ತೆಗೆದುಕೊಂಡಿದ್ದರು. ಕಹಿ ಗುಳಿಗೆಗೆ ಬೆಲ್ಲ ಸವರುವ ಕೆಲಸ ಯಾವಾಗ ಸೇರಿಕೊಂಡಿತೋ ಗೊತ್ತಿಲ್ಲ. ನೋಡ್ತೀನಿ ಎಂದು ಹೇಳಿ ಹೊರಟೆ. ಅಲ್ಲೇ ನಿಂತಿದ್ದರೆ ಬೇರೆ ಏನಾದರೂ ಹೇಳುತ್ತಿದ್ದೆ.

ಕ್ರಿಸ್ಮಸ್ ರಜೆಗೆ ಮುಂಚೆ ಆ ಮೂರೂ ವಿಷಯಗಳ ಉತ್ತರ ಪತ್ರಿಕೆಗಳನ್ನು ಕೇಳಿ ತೆಗೆದುಕೊಂಡೆ. ಯಾವ ಮಗು ಬಿದ್ದರೂ ನಾನು ಮೊದಲು ಮಾಡುವುದು ಇದೇ ಕೆಲಸ. ಹೋದ ಒಂದೊಂದು ಅಂಕವನ್ನೂ ಯಾಕೆ ಹೋಯಿತೆಂದು ಬೇರೆ ಮಾಡುತ್ತೇನೆ. ಗೊತ್ತಿಲ್ಲದೆ ಹೋದದ್ದು, ಗಡಿಬಿಡಿಯಲ್ಲಿ ಹೋದದ್ದು, ಪ್ರಶ್ನೆ ತಪ್ಪು ತಿಳಿದು ಹೋದದ್ದು, ಹೊತ್ತು ಸಾಲದೆ ಹೋದದ್ದು. ಗೊತ್ತಿಲ್ಲದೆ ಹೋದದ್ದು ಬಹಳ ಕಡಿಮೆ ಇತ್ತು. ರಸಾಯನಶಾಸ್ತ್ರದ ಒಂದು ಪ್ರಶ್ನೆಯಲ್ಲಿ ದ್ರಾವಣದ ಉಷ್ಣತೆ 'ನೌವೆಲಿಕ್ಸ್' ಬದಲಾಗುತ್ತದೆ ಎಂದಿತ್ತು, ಅಂದರೆ ಬದಲಾಗುವುದಿಲ್ಲ ಎನ್ನುವಷ್ಟು ಕಡಿಮೆ. ಅವಳು ಅದನ್ನು ಅದರಂತೆಯೇ ಕಾಣುವ ಇನ್ನೊಂದು ಪದ ಎಂದುಕೊಂಡಿದ್ದಳು, ಅದರ ಅರ್ಥ 'ಕರಾರುವಾಕ್ಕಾಗಿ'. ಆ ತಪ್ಪು ಅರ್ಥ ಹಿಡಿದು ಒಂದು ಪುಟ ಲೆಕ್ಕ ಮಾಡಿದ್ದಳು. ಲೆಕ್ಕವೆಲ್ಲ ಸರಿ. ಅಂಕ ಸೊನ್ನೆ. 'ವಿವರಿಸು', 'ತೋರಿಸಿಕೊಡು', 'ವಾದಿಸು' ಎಂದು ಕೇಳಿದಲ್ಲೆಲ್ಲ ಬರೀ ಉತ್ತರ ಬರೆದು ಮುಂದೆ ಹೋಗಿದ್ದಳು. ಜೀವಶಾಸ್ತ್ರದ ಕೊನೆಯ ಪುಟ ಖಾಲಿ.

ರಸಾಯನಶಾಸ್ತ್ರದ ಮೇಷ್ಟ್ರಿಗೆ ತೋರಿಸಿದೆ. ನಿವೃತ್ತಿಗೆ ಹತ್ತಿರವಿದ್ದ, ಮಾತು ಕಡಿಮೆಯ ಮನುಷ್ಯ. ಕನ್ನಡಕ ಏರಿಸಿ ಓದಿ, "ಇವಳಿಗೆ ಬಾರದ್ದು ರಸಾಯನಶಾಸ್ತ್ರ ಅಲ್ಲ" ಎಂದರು. ಅಷ್ಟೇ.

ಈ ದೇಶಕ್ಕೆ ಬಂದು ಆರು ವರ್ಷ ತುಂಬದ, ಮನೆಮಾತು ಡಚ್ ಅಲ್ಲದ ಮಕ್ಕಳಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಮತ್ತು ನಿಘಂಟು ಕೊಡಬಹುದು ಎಂಬ ನಿಯಮವಿದೆ. ಇವಳು ಬಂದು ನಾಲ್ಕು ವರ್ಷವಾಗಿತ್ತು. ಕೊಟ್ಟಿದ್ದಾರೆಯೇ ಎಂದು ಕೇಳಲು ನಮ್ಮ ಶಾಲೆಯಲ್ಲಿ ಮಕ್ಕಳ ನೆರವಿನ ಹೊಣೆ ಹೊತ್ತ ಸಹೋದ್ಯೋಗಿಯ ಕೋಣೆಗೆ ಹೋದೆ. ಆಕೆ ಒಳ್ಳೆಯವಳು. ಒಳ್ಳೆಯವರ ಮೇಲೆ ಸಿಟ್ಟಾಗುವುದು ಇನ್ನೂ ಕಷ್ಟ.

"ಅವಳು ಕೇಳೇ ಇಲ್ವಲ್ಲ," ಎಂದಳು. "ಅಷ್ಟು ಚೆನ್ನಾಗಿ ಡಚ್ ಮಾತಾಡ್ತಾಳೆ. ಅವಳೂ ಅವರಲ್ಲಿ ಒಬ್ಬಳು ಅಂತ ನಮಗೆ ಯೋಚನೇನೇ ಬರಲಿಲ್ಲ."

"ಇಂಥದ್ದೊಂದಿದೆ ಅಂತ ಅವಳಿಗೆ ಯಾರು ಹೇಳಿದ್ರು?"

ಆಕೆ ಕಂಪ್ಯೂಟರಿನಲ್ಲಿ ಏನನ್ನೋ ಹುಡುಕತೊಡಗಿದಳು. ನಾನು ಏರಿದ ದನಿಯಲ್ಲಿ ಇನ್ನೆರಡು ಮಾತು ಹೇಳಿ ಬಾಗಿಲನ್ನು ಬೇಕಾದ್ದಕ್ಕಿಂತ ಜೋರಾಗಿ ಎಳೆದುಕೊಂಡೆ. ಸಂಜೆಯ ಹೊತ್ತಿಗೆ ಸುದ್ದಿ ಮುಖ್ಯಸ್ಥನಿಗೆ ಮುಟ್ಟಿತ್ತು. "ಇದು ನಿನಗೆ ಸ್ವಲ್ಪ ವೈಯಕ್ತಿಕ ಆಗ್ತಿದೆಯಾ?" ಎಂದು ಕೇಳಿದ. "ನಿನ್ನ ಊರಿನ ಹುಡುಗಿ ಅಲ್ವಾ."

"ನನ್ನದು ಮೈಸೂರು. ಅವಳ ಊರಿಗೆ ಹೋಗಬೇಕಾದ್ರೆ ರಾತ್ರಿ ಬಸ್ಸಲ್ಲಿ ಕೂರಬೇಕು" ಎಂದೆ. ಅವನು ನಕ್ಕ, ನಾನು ನಗಲಿಲ್ಲ. ಆದರೆ ಸೈಕಲ್ಲಿನಲ್ಲಿ ಮನೆಗೆ ಹೋಗುವಾಗ ಆ ಮಾತು ಬೆನ್ನು ಬಿಡಲಿಲ್ಲ. ಈ ಸಿಟ್ಟು ಯಾರದ್ದು? ನಾನು ಈ ದೇಶದಲ್ಲಿ ಕೇಳಿದ ಚುಚ್ಚುಮಾತುಗಳ ಸೇಡನ್ನು ಒಂದು ಹುಡುಗಿಯ ಹೆಸರಿನಲ್ಲಿ ತೀರಿಸಿಕೊಳ್ಳುತ್ತಿದ್ದೇನೆಯೇ? ಅವಳನ್ನೇ ಇನ್ನೂ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ರಜೆ ಮುಗಿದ ಮೊದಲ ವಾರ ಅವಳನ್ನು ಕರೆದೆ. ಹಾವೊ ಮಾತು ಅವಳ ಕಿವಿಗೆ ಆಗಲೇ ಬಿದ್ದಿತ್ತು.

"ಮೇ ಬಿ ಇಟ್ಸ್ ಬೆಟರ್, ಮೆಫ್ರೌ," ಎಂದಳು. ಇಲ್ಲಿ ಮಕ್ಕಳು ಮೇಡಂ ಎನ್ನಲು ಮೆಫ್ರೌ ಎನ್ನುತ್ತಾರೆ. "ಎವ್ರಿಬಡಿ ಸೇಸ್ ಐ ವಿಲ್ ಬಿ ಹ್ಯಾಪಿಯರ್."

"ಬೇರೆಯವರು ಹೇಳೋದು ಬಿಡು. ನಿನಗೆ ಏನು ಅನ್ಸುತ್ತೆ?"

ಬ್ಯಾಗಿನ ಝಿಪ್ಪನ್ನು ಎಳೆದು ಮುಚ್ಚಿದಳು. ಆಮೇಲೆ ಡಚ್ಚಿನಲ್ಲಿ ಹೇಳಿದಳು: "ನಾನು ದಡ್ಡಿ ಅಲ್ಲ, ಮೆಫ್ರೌ. ಆದ್ರೆ ಎಲ್ಲರೂ ಅದನ್ನ ಎಷ್ಟು ಒಳ್ಳೆ ರೀತೀಲಿ ಹೇಳ್ತಾರೆ ಅಂದ್ರೆ, ಅಲ್ಲ ಅಂತ ಹೇಳೋಕೇ ಆಗಲ್ಲ."

ಅವಳ ಉತ್ತರ ಪತ್ರಿಕೆಗಳನ್ನು ಮುಂದಿಟ್ಟು ಒಂದೊಂದೇ ತೋರಿಸಿದೆ. ಇಲ್ಲಿ ಪದ ಗೊತ್ತಿರಲಿಲ್ಲ, ಇಲ್ಲಿ ಪ್ರಶ್ನೆ ಕೇಳಿದ್ದೇ ಬೇರೆ, ಇಲ್ಲಿ ಹೊತ್ತು ಸಾಲಲಿಲ್ಲ. ಹೆಚ್ಚುವರಿ ಸಮಯದ ವಿಷಯ ಹೇಳಿದಾಗ, ಅದು ಬೇರೆ ಮಕ್ಕಳಿಗೆ ಸಿಗುವುದನ್ನು ನೋಡಿದ್ದೇನೆ, ಅವರಿಗೆ ಓದಲು ತೊಡಕಾಗುವ ಡಿಸ್ಲೆಕ್ಸಿಯಾ ಇದೆ ಅಂದುಕೊಂಡಿದ್ದೆ ಎಂದಳು. ಕೊನೆಗೆ ಉಳಿಯಬೇಕಾ, ಹೋಗಬೇಕಾ ಎಂದು ಮತ್ತೆ ಕೇಳಿದೆ. "ಬ್ಲೈವನ್" ಎಂದಳು. ಉಳಿಯಬೇಕು.

ಅಂದು ಸಂಜೆ ಅವಳ ಮನೆಗೆ ಫೋನ್ ಮಾಡಿದೆ. ಮುಖ್ಯಸ್ಥ ಹೇಳಿದಂತೆ ಕನ್ನಡದಲ್ಲೇ ಮಾತಾಡಿದೆ. ಹೇಳಿದ್ದು ಮಾತ್ರ ಅವನು ಬಯಸಿದ್ದಲ್ಲ.

"ಮುಂದಿನ ವಾರ ನಿಮ್ಮನ್ನ ಕರೆದು ಮಗಳನ್ನ ಹಾವೊಗೆ ಕಳಿಸೋಣ ಅಂತಾರೆ. ಅದು ಬರೀ ಸಲಹೆ. ವರ್ಷದ ಮಧ್ಯದಲ್ಲಿ ನೀವು ಒಪ್ಪದೆ ಕಳಿಸೋಕೆ ಆಗಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ ಅವಳಿಗೆ ವೇವೇಓ ಸಾಧ್ಯ ಇದೆ, ಸುಲಭ ಅಂತ ಹೇಳಲ್ಲ."

ಫೋನಿನಲ್ಲಿದ್ದದ್ದು ತಂದೆ. "ಶಾಲೆಯವರೇ ಹೇಳುವಾಗ ನಾವು ಬೇಡ ಅಂತ ಹೇಳುದು ಹೇಗೆ ಮೇಡಂ? ಅವರಿಗೆ ಗೊತ್ತಿರ್ತದಲ್ವಾ. ಆಮೇಲೆ ಮಗಳ ಮೇಲೆ ಎಂತಾದ್ರೂ ಮನಸ್ಸಲ್ಲಿ ಇಟ್ಕೊಂಡ್ರೆ?"

ಆಮ್ಸ್ಟರ್‌ಡ್ಯಾಮಿನ ಆಫೀಸಿನಲ್ಲಿ ಹತ್ತು ಜನರ ತಂಡಕ್ಕೆ ಕೆಲಸ ಹೇಳುವ ಮನುಷ್ಯ. ಶಾಲೆ ಎಂದ ಕೂಡಲೇ ಕೈ ಕಟ್ಟಿ ನಿಂತವರಂತೆ ಮಾತಾಡಿದರು. ನನಗೆ ಅವರ ಮೇಲೂ ಸಿಟ್ಟು ಬಂತು. "ನಾನೂ ಶಾಲೆಯವಳೇ," ಎಂದೆ. "ನಾನು ಹೇಳ್ತಿರೋದನ್ನೂ ಕೇಳಿ."

ಹಿಂದಿನಿಂದ ತಾಯಿ ಫೋನ್ ತೆಗೆದುಕೊಂಡರು. "ಮೇಡಂ, ಅವಳು ಎಂತ ಹೇಳ್ತಾಳೆ?"

"ಉಳೀಬೇಕು ಅಂತಾಳೆ."

"ಹಾಗಾದ್ರೆ ಮುಗೀತಲ್ಲ. ನಾವು ಬರ್ತೇವೆ."

ಸಭೆಯ ದಿನ ತಂದೆತಾಯಿ, ಹುಡುಗಿ ಮೂವರ ಮುಂದೆ ಮುಖ್ಯಸ್ಥ ಕಾಫಿ, ಬಿಸ್ಕತ್ತು ಇಟ್ಟು ಬಹಳ ಮೃದುವಾಗಿ ಮಾತಾಡಿದ. ಒತ್ತಡ, ಆರಾಮ, ಅವಳ ಒಳ್ಳೆಯದಕ್ಕೆ. ಮುಗಿಸಿ ನನ್ನ ಕಡೆ ತಿರುಗಿದ. ಈಗ ನಾನು ಕನ್ನಡದಲ್ಲಿ ಬೆಲ್ಲ ಸವರಬೇಕಿತ್ತು. ನಾನು ಇಂಗ್ಲಿಷಿನಲ್ಲಿ, ಎಲ್ಲರಿಗೂ ತಿಳಿಯುವಂತೆ ಹೇಳಿದೆ: "ಮೆಂಟರ್ ಆಗಿ ನಾನು ಈ ಸಲಹೆಗೆ ಒಪ್ಪಲ್ಲ. ಅವಳಿಗೆ ಸಿಗಬಹುದಾಗಿದ್ದ ಹೆಚ್ಚುವರಿ ಸಮಯವನ್ನ ನಾವು ಕೊಡಲಿಲ್ಲ. ಅದನ್ನ ಕೊಟ್ಟು, ಜೂನ್‌ವರೆಗೆ ನೋಡಿ, ಆಮೇಲೆ ತೀರ್ಮಾನ ಮಾಡೋಣ."

ಅವನ ಕಿವಿ ಕೆಂಪಾದವು. ತಾಯಿ ನೆಟ್ಟಗೆ ಕೂತು, "ನಾವು ಒಪ್ಪುದಿಲ್ಲ" ಎಂಬುದನ್ನು ಇಂಗ್ಲಿಷಿನಲ್ಲಿ ಎರಡು ಸಲ ಹೇಳಿದರು. ಮುಖ್ಯಸ್ಥ ಹುಡುಗಿಯನ್ನು ಕೇಳಿದ. ಅವಳು ಮೇಜನ್ನೇ ನೋಡುತ್ತ "ಬ್ಲೈವನ್" ಎಂದಳು. ಅವರೆಲ್ಲ ಹೋದ ಮೇಲೆ ಅವನು ಬಾಗಿಲು ಮುಚ್ಚಿ, ತಂಡದ ತೀರ್ಮಾನಕ್ಕೆ ಪೋಷಕರ ಮುಂದೆ ವಿರುದ್ಧ ಹೋಗುವುದು ಸರಿಯಲ್ಲ, ಮುಂದಿನ ವರ್ಷ ನಿನಗೆ ಮೆಂಟರ್ ಕೆಲಸ ಕೊಡುವ ಬಗ್ಗೆ ಯೋಚಿಸಬೇಕಾಗುತ್ತದೆ ಎಂದ. ಯೋಚಿಸು ಎಂದೆ.

ಹೆಚ್ಚುವರಿ ಸಮಯ, ನಿಘಂಟು ಎರಡೂ ಸಿಕ್ಕವು. ಆಮೇಲಿನದ್ದು ಕೂಲಿ ಕೆಲಸ. ಪ್ರತಿ ಮಂಗಳವಾರ, ಗುರುವಾರ ಅವಳ ಖಾಲಿ ಪೀರಿಯಡ್ಡಿನಲ್ಲಿ ನನ್ನ ಕೋಣೆಯಲ್ಲಿ ಕೂರುತ್ತಿದ್ದೆವು. ಹಳೆಯ ಪ್ರಶ್ನೆಗಳಲ್ಲಿ ಕ್ರಿಯಾಪದದ ಕೆಳಗೆ ಗೆರೆ ಎಳೆಯಬೇಕು. 'ವಿವರಿಸು' ಎಂದರೆ ಕಾರಣ ಬರೆಯಬೇಕು, 'ಆದ್ದರಿಂದ' ಎಂದು ಮುಂದುವರಿಸಬೇಕು. 'ತೋರಿಸಿಕೊಡು' ಎಂದರೆ ಲೆಕ್ಕದ ಕೊನೆಗೆ ಒಂದು ವಾಕ್ಯ ಇರಲೇಬೇಕು. ಉತ್ತರ ಬರೆದ ಮೇಲೆ ಪ್ರಶ್ನೆಯನ್ನು ಇನ್ನೊಮ್ಮೆ ಓದಬೇಕು. ಬೇಸರದ ಕೆಲಸ, ಅವಳು ಆಕಳಿಸುತ್ತ ಮಾಡಿದಳು. ಮಾರ್ಚಿನಲ್ಲಿ ರಸಾಯನಶಾಸ್ತ್ರ ಆರು ದಾಟಿತು. ಕೊನೆಯ ಪುಟಗಳು ತುಂಬತೊಡಗಿದವು.

ಏಪ್ರಿಲಿನಲ್ಲಿ ಎಲ್ಲ ಮತ್ತೆ ಕುಸಿಯಿತು. ಮೊದಲ ಪೀರಿಯಡ್ಡಿಗೆ ಬರುವುದನ್ನು ಬಿಟ್ಟಳು. ಬಂದ ದಿನ ನನ್ನ ಗಣಿತದ ತರಗತಿಯಲ್ಲೇ ತೂಕಡಿಸಿದಳು. ಗಣಿತದಲ್ಲಿ ಮೊದಲ ಸಲ ಆರಕ್ಕೆ ಇಳಿದಳು. ಮುಖ್ಯಸ್ಥ ಆ ಅಂಕವನ್ನೂ ನೋಡಿದ. ಕೇಳಿದರೆ ಹುಡುಗಿ "ಟೈರ್ಡ್" ಎನ್ನುತ್ತಿದ್ದಳು. ಮೂರನೇ ಸಲ ಕೇಳಿದಾಗ ಬಾಯಿ ಬಿಟ್ಟಳು. ತಂದೆ ಊರಿನ ಒಬ್ಬ ಟ್ಯೂಷನ್ ಮೇಷ್ಟ್ರನ್ನು ಗೊತ್ತು ಮಾಡಿದ್ದರು. ಅಲ್ಲಿಯ ಬೆಳಗಿಗೆ ಹೊಂದಿಸಿಕೊಂಡು ಇಲ್ಲಿ ಬೆಳಗಿನ ಜಾವಕ್ಕೇ ಎದ್ದು ಪರದೆಯ ಮುಂದೆ ಕೂರಬೇಕು. ವಾರಕ್ಕೆ ಐದು ದಿನ. ಅಲ್ಲಿಯ ಪುಸ್ತಕ, ಅಲ್ಲಿಯ ಪಾಠ.

ಶನಿವಾರ ಅವರ ಮನೆಗೇ ಹೋದೆ. ಬಿಸಿ ನೀರುದೋಸೆ, ಚಟ್ನಿ ಇಟ್ಟರು. ತಿನ್ನುವ ಮುಂಚೆ ವಿಷಯ ತೆಗೆದೆ.

"ಟ್ಯೂಷನ್ ನಿಲ್ಲಿಸಿ. ಅವಳಿಗೆ ಬೇಕಾಗಿರೋದು ನಿದ್ದೆ."

ತಂದೆಯ ಮುಖ ಬಿಗಿಯಿತು. "ಎಂತ ಮೇಡಂ, ಬಿಟ್ಟುಕೊಡ್ಬೇಡಿ ಅಂತ ಹೇಳಿದ್ದು ನೀವೇ ಅಲ್ವಾ? ಶಾಲೆಯವರ ಎದುರು ಆಗುದಿಲ್ಲ ಅಂತ ಹೇಳಿ ಬಂದಿದ್ದೇವೆ. ಈಗ ಅವಳು ಫೇಲ್ ಆದ್ರೆ ಯಾರ ಮರ್ಯಾದೆ ಹೋಗುದು? ನಾನು ಸುಮ್ಮನೆ ಕೂತ್ಕೊಳ್ಳುದು ಹೇಗೆ?"

"ಮರ್ಯಾದೆ ಅವಳ ಕೆಲಸ ಅಲ್ಲ. ಅವಳು ಡಚ್ಚಿನಲ್ಲಿ ಪ್ರಶ್ನೆ ಓದೋದನ್ನ ಕಲೀತಿದ್ದಾಳೆ. ಅದನ್ನ ಉಡುಪಿಯ ಮೇಷ್ಟ್ರು ಹೇಳಿಕೊಡೋಕೆ ಆಗಲ್ಲ. ನಾನು ಕಟ್ಟಿದ್ದನ್ನ ನೀವು ಬೆಳಗಾಗೋದರೊಳಗೆ ಕೆಡವ್ತಾ ಇದ್ದೀರಿ."

ಅತಿಥಿಯಾಗಿ ಹೋಗಿ ಆಡಬಾರದ ಮಾತು. ಆಡಿದೆ. ಹುಡುಗಿ ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದಳು. ಕೊನೆಗೆ ತಾಯಿ ಗಂಡನಿಗೆ ತುಳುವಿನಲ್ಲಿ ಚಿಕ್ಕದಾಗಿ ಏನೋ ಹೇಳಿದರು. ನನಗೆ ಅರ್ಥವಾಗಲಿಲ್ಲ, ಅವರ ದನಿ ಮಾತ್ರ ಅರ್ಥವಾಯಿತು. ಅವರು ತಟ್ಟೆಯನ್ನು ನನ್ನ ಕಡೆ ಸರಿಸಿ, "ಸೋಮವಾರದಿಂದ ಇಲ್ಲ, ಆಯ್ತಾ" ಎಂದರು. ತಂದೆ ಎದ್ದು ಹಿತ್ತಲಿಗೆ ಹೋದರು. ನಾನು ಹೊರಡುವಾಗ ಬಸ್ ನಿಲ್ದಾಣದವರೆಗೆ ಜೊತೆಗೆ ಬಂದು, "ನಂಗೆ ಹೆದರಿಕೆ ಆಯ್ತು ಮೇಡಂ, ಮತ್ತೆಂತ ಇಲ್ಲ" ಎಂದರು. ಅವರ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಿತು. ಉಳಿದದ್ದು ಇಳಿಯಲಿಲ್ಲ.

ಜೂನಿನ ಕೊನೆಗೆ ಅವಳ ಡಚ್ ಮತ್ತು ಜೀವಶಾಸ್ತ್ರ ಕೂದಲೆಳೆಯಷ್ಟರಲ್ಲಿ ಕೆಂಪಾಗಿ ಉಳಿದವು. ರಸಾಯನಶಾಸ್ತ್ರ ಪಾಸು, ಗಣಿತ ಮತ್ತೆ ಎಂಟು. ನಮ್ಮ ಶಾಲೆಯ ನಿಯಮದಲ್ಲಿ ಇಂಥವರು ತಾವಾಗಿ ತೇರ್ಗಡೆಯೂ ಅಲ್ಲ, ನಪಾಸೂ ಅಲ್ಲ. ಅವಳಿಗೆ ಪಾಠ ಮಾಡಿದ ಶಿಕ್ಷಕರು ಸೇರಿ ಕೈ ಎತ್ತಿ ತೀರ್ಮಾನಿಸುತ್ತಾರೆ. ನಾನು ಏನೇನು ಹೇಳಬೇಕೆಂದು ಸಿದ್ಧ ಮಾಡಿಕೊಂಡು ಹೋಗಿದ್ದೆ. ಬಾಯಿ ತೆರೆಯುವ ಮುಂಚೆ ರಸಾಯನಶಾಸ್ತ್ರದ ಮೇಷ್ಟ್ರು, "ಡಿಸೆಂಬರಿನ ಹುಡುಗಿ ಅಲ್ಲ ಇವಳು. ಐದನೇ ವರ್ಷಕ್ಕೆ ಹೋಗಲಿ" ಎಂದು ಕೈ ಎತ್ತಿಬಿಟ್ಟರು. ಡಚ್ ಕಲಿಸುವಾಕೆ ಎತ್ತಲಿಲ್ಲ. ಉಳಿದವರಲ್ಲಿ ಹೆಚ್ಚಿನವರು ಎತ್ತಿದರು. ಸಾಕಾಯಿತು.

ಮುಖ್ಯಸ್ಥ ಪರದೆಯ ಮೇಲೆ ಗುರುತು ಹಾಕಿ, ತೃಪ್ತಿಯಿಂದ, "ನಾವು ಅವಳಿಗೆ ಸಮಯ ಕೊಟ್ಟದ್ದು ಒಳ್ಳೇದಾಯ್ತು" ಎಂದ.

ನಾವು. ಹಾವೊಗೆ ಕಳಿಸೋಣ ಎಂದವನು, ಬೆಲ್ಲ ಸವರು ಎಂದವನು, ಅವನೂ ನಾವು. ಅವನು ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿಯೂ ಹಾಗೆಯೇ ನಂಬಿದ್ದ. ನಾನು ಎದ್ದು, ಹೊರದೇಶದಿಂದ ಬಂದ ಎಷ್ಟು ಮಕ್ಕಳನ್ನು ಈ ವರ್ಷ ಹೆಚ್ಚುವರಿ ಸಮಯ ಕೊಡದೆಯೇ ಕೆಳಗಿನ ಮಟ್ಟಕ್ಕೆ ಕಳಿಸಿದೆವು ಎಂದು ಕೇಳಿದೆ. ಅದು ಇಂದಿನ ಚರ್ಚೆಯ ವಿಷಯವಲ್ಲ ಎಂದ. ಹಾಗಾದರೆ ಯಾವ ದಿನದ್ದು ಎಂದೆ. ಎಲ್ಲರೂ ತಮ್ಮ ಲ್ಯಾಪ್‌ಟಾಪ್ ನೋಡಿದರು. ಬೇಸಿಗೆ ರಜೆಗೆ ಮುಂಚೆ ನೆರವಿನ ಸಹೋದ್ಯೋಗಿ ತಾನಾಗಿಯೇ ಬಂದು, ಸೆಪ್ಟೆಂಬರಿನಲ್ಲಿ ಎಲ್ಲ ತರಗತಿಗಳಲ್ಲೂ ಅಂಥ ಮಕ್ಕಳು ಯಾರ್ಯಾರಿದ್ದಾರೆಂದು ಮೊದಲ ವಾರವೇ ಕೇಳುತ್ತೇನೆ ಎಂದಳು. ಅಷ್ಟು ಸಿಕ್ಕಿತು. ಮೆಂಟರ್ ಕೆಲಸ ನನಗೆ ಮುಂದಿನ ವರ್ಷ ಸಿಗಲಿಲ್ಲ.

ಸಭೆಯ ಮಾರನೇ ದಿನ ಮಧ್ಯಾಹ್ನ ಸೈಕಲ್ ಶೆಡ್ಡಿನ ಹತ್ತಿರ ಹುಡುಗಿ ಸಿಕ್ಕಳು. ವಿಷಯ ಗೊತ್ತಾಗಿತ್ತು. ಅಭಿನಂದನೆ ಹೇಳಿದೆ. ಥ್ಯಾಂಕ್ಸ್ ಎಂದಳು. ಸೈಕಲ್ಲಿನ ಬೀಗ ತೆಗೆದಳು, ಹೊರಡಲಿಲ್ಲ. ಆಮೇಲೆ, ವರ್ಷವಿಡೀ ನನ್ನ ಜೊತೆ ಕನ್ನಡದಲ್ಲಿ ಒಂದು ಪೂರ್ತಿ ವಾಕ್ಯ ಆಡದವಳು, ಅವಳಮ್ಮನ ಧಾಟಿಯಲ್ಲೇ ಕೇಳಿದಳು:

"ಮೊದ್ಲು ಇದ್ದ ಕಡೆಯೇ ಇರ್ಲಿಕ್ಕೆ ನಾನು ಇಷ್ಟೆಲ್ಲ ಮಾಡ್ಬೇಕಾಯ್ತಾ?"

"ಹೌದು," ಎಂದೆ. "ಮಾಡ್ಬೇಕಾಗಿ ಬರಬಾರದಿತ್ತು."

"ಎಲ್ಲರೂ ಖುಷಿ ಆಯ್ತಾ ಅಂತ ಕೇಳ್ತಾರೆ. ನಂಗೆ ಖುಷಿ ಆಗ್ಬೇಕು ಅಲ್ವಾ? ನಂಗೆ ಸಿಟ್ಟು ಬರ್ತಾ ಉಂಟು."

"ಬರಲಿ," ಎಂದೆ.

ಅವಳು ಸೈಕಲ್ಲನ್ನು ಗೋಡೆಗೆ ಒರಗಿಸಿದಳು. ಡಿಸೆಂಬರಿನಿಂದ ಯಾರ್ಯಾರು ಯಾವಾಗ ಏನೇನು ಹೇಳಿದ್ದರೆಂದು ಶುರು ಮಾಡಿದಳು. ಕನ್ನಡ, ಇಂಗ್ಲಿಷ್, ಡಚ್ ಮೂರೂ ಬೆರೆಸಿ, ಒಬ್ಬರನ್ನೂ ಬಿಡದೆ, ಅವಳಪ್ಪನನ್ನೂ ಬಿಡದೆ, ಗುರುವಾರದ ಖಾಲಿ ಪೀರಿಯಡ್ಡಿನಲ್ಲಿ ಅವಳನ್ನು ಆಟಕ್ಕೆ ಬಿಡದ ನನ್ನನ್ನೂ ಬಿಡದೆ ಹೇಳಿದಳು. ದನಿ ಏರಿತು, ಆಚೆ ನಿಂತಿದ್ದ ಮಕ್ಕಳು ತಿರುಗಿ ನೋಡಿದರು. ಅವಳು ನಿಲ್ಲಿಸಲಿಲ್ಲ. ಶಾಲೆಯ ಕಾವಲಿನವನು ಗೇಟು ಹಾಕಲು ಬರುವವರೆಗೂ ನಾನು ಅಲ್ಲೇ ನಿಂತು ಕೇಳಿದೆ.